‘ಡಿಸ್‌ಪ್ಲೇ’ ಅಕ್ಷರಕ್ಕೆ ಕನ್ನಡದಲ್ಲಿ ಏನನ್ನೋಣ?

ಅಕ್ಷರ ವಿನ್ಯಾಸದ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಬೋಲ್ಡ್ ಜಿಯೊಮೆಟ್ರಿಕ್ ಡಿಸ್‌ಪ್ಲೇ ಟೈಪ್‌ಫೇಸ್’ ಅನ್ನುವಲ್ಲಿ ಎರಡು ದಿನದಿಂದ ಕೆಲಸ ನಿಂತಿದೆ. ಟೈಪ್‌ಫೇಸ್ ಅಂದರೆ ಒಂದೇ ವಿನ್ಯಾಸದ ಅಕ್ಷರಗಳ ಗುಂಪು. ಅದರಲ್ಲಿ ಡಿಸ್‌ಪ್ಲೇ ಅಂದರೆ ತಲೆಬರಹ, ಪೋಸ್ಟರುಗಳಂಥ ಕಡೆ ದೊಡ್ಡದಾಗಿ ಬಳಸುವಂಥದ್ದು. ನಿಮ್ಮ ಸಲಹೆ ಬೇಕು.

ಜಿಯೊಮೆಟ್ರಿಕ್ ಅಂದರೆ ‘ಜ್ಯಾಮಿತೀಯ’. ಅರ್ಥ ಸರಿ, ಆದರೆ ಆ ಪದದಿಂದ ಕಣ್ಣಿಗೆ ಏನೂ ಕಟ್ಟುವುದಿಲ್ಲ. ಕೈವಾರ, ಅಡಿಪಟ್ಟಿ ಹಿಡಿದು ಎಳೆದಂತೆ ಕಾಣುವ ಅಕ್ಷರ ಅದು. ಪೌಲ್ ರೆನ್ನರ್ ವಿನ್ಯಾಸ ಮಾಡಿದ, 1927ರಲ್ಲಿ ಬಂದ ಫ್ಯೂಚುರಾ ಇದೇ ಜಾತಿಯದು. ಅದರ ದಪ್ಪ ರೂಪದಲ್ಲಿ ಇಂಗ್ಲಿಷಿನ ‘ಓ’ ಹತ್ತಿರದಿಂದ ನೋಡಿ. ಮೇಲೆ, ಕೆಳಗೆ ಗೆರೆ ಸ್ವಲ್ಪ ತೆಳು. ಎಡಬಲದಲ್ಲಿ ದಪ್ಪ. ಸುತ್ತಲೂ ಒಂದೇ ಅಳತೆ ಇಟ್ಟರೆ ಮೇಲಿನ, ಕೆಳಗಿನ ಭಾಗವೇ ಜಾಸ್ತಿ ದಪ್ಪ ಅನ್ನಿಸುತ್ತದೆ, ನಮ್ಮ ಕಣ್ಣಿನ ಗುಣ ಅದು. ಹಾಗಾಗಿ ಬರೀ ಕೈವಾರದಿಂದ ಈ ಅಕ್ಷರ ಆಗುವುದಿಲ್ಲ. ಆದರೂ ‘ಕೈವಾರದ ಅಕ್ಷರ’ ಅನ್ನುವುದೇ ನನಗೆ ಇಷ್ಟ.

ಬೋಲ್ಡ್‌ಗೆ ಬರೀ ‘ದಪ್ಪ’ ಸಾಲದು. ‘ದಪ್ಪ ಅಕ್ಷರದಲ್ಲಿ ಬರೀರಿ’ ಅಂದರೆ ಕೆಲವರು ಗೆರೆ ದಪ್ಪ ಮಾಡುತ್ತಾರೆ, ಕೆಲವರು ಅಕ್ಷರವನ್ನೇ ದೊಡ್ಡದು ಮಾಡುತ್ತಾರೆ. ‘ದಪ್ಪ ಗೆರೆಯ’ ಅಂತ ಬರೆದುಕೊಂಡಿದ್ದೇನೆ.

ನಿಜವಾದ ತೊಡಕು ಡಿಸ್‌ಪ್ಲೇಯದು. ‘ಪ್ರದರ್ಶನಾಕ್ಷರ’ ಅಂದರೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದು ಅನ್ನಿಸುತ್ತದೆ. ‘ತಲೆಬರಹದ ಅಕ್ಷರ’ ಹತ್ತಿರ ಬರುತ್ತದೆ, ಆದರೆ ಪೋಸ್ಟರು, ಪುಸ್ತಕದ ರಕ್ಷಾಪುಟ, ಲೋಗೊ ಎಲ್ಲ ಹೊರಗುಳಿಯುತ್ತವೆ. ಅವಾಂತ್ ಗಾರ್ಡ್ ಗೋಥಿಕ್ ಅನ್ನುವ ಟೈಪ್‌ಫೇಸ್ ಹುಟ್ಟಿದ್ದೇ ಒಂದು ಪತ್ರಿಕೆಯ ಲೋಗೊದಿಂದ. ಹರ್ಬ್ ಲುಬಾಲಿನ್ ಮತ್ತು ಟಾಮ್ ಕಾರ್ನೇಸ್ ಅದನ್ನು ಪೂರ್ತಿ ಅಕ್ಷರಮಾಲೆಯಾಗಿ 1970ರಲ್ಲಿ ಹೊರತಂದರು.

ಇಂಥ ಅಕ್ಷರ ದೊಡ್ಡದಾಗಿಯೇ ಯಾಕೆ ಇರಬೇಕು ಅನ್ನುವುದು ನಮ್ಮ ಲಿಪಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ‘ರ’ ಮತ್ತು ‘ಠ’ ಪಕ್ಕಪಕ್ಕ ಇಡಿ. ನಡುವಿನ ಚುಕ್ಕೆಯೊಂದೇ ವ್ಯತ್ಯಾಸ. ಗೆರೆ ದಪ್ಪವಾದಷ್ಟೂ ಹೊಟ್ಟೆಯ ಜಾಗ ಕಿರಿದಾಗುತ್ತದೆ. 72 ಪಾಯಿಂಟಿನಲ್ಲಿ, ಅಂದರೆ ಒಂದು ಅಂಗುಲದ ಅಳತೆಯಲ್ಲಿ, ಚುಕ್ಕೆ ಎದ್ದು ಕಾಣುತ್ತದೆ. ಅದನ್ನೇ 9 ಪಾಯಿಂಟಿಗೆ ಇಳಿಸಿದರೆ ಚುಕ್ಕೆ ಗೆರೆಯೊಳಗೆ ಕರಗಿಹೋಗುತ್ತದೆ. ‘ಧ’ದ ಕೆಳಗಿನ ಸೀಳು ಮುಚ್ಚಿಕೊಂಡು ‘ದ’ ಆಗಿಬಿಡುತ್ತದೆ. ಒತ್ತಕ್ಷರಗಳ ಪಾಡು ಹೇಳುವುದೇ ಬೇಡ. ಇಡೀ ಪುಟವನ್ನು ಇದರಲ್ಲಿ ಹಾಕಿದರೆ ಯಾರೂ ಓದಲಾರರು. ನಾಲ್ಕು ಪದ ಹಾಕಿದರೆ ದೂರದಿಂದಲೇ ಕಣ್ಣು ಹಿಡಿಯುತ್ತದೆ.

ಅದಕ್ಕೆ ‘ನೋಟದ ಅಕ್ಷರ’ ಅಂದರೆ ಹೇಗೆ? ಪುಟ ತುಂಬ ಓದಲು ಬಳಸುವುದು ‘ಓದಿನ ಅಕ್ಷರ’. ಜೋಡಿಯಾಗಿ ಚೆನ್ನಾಗಿ ಕೂರುತ್ತವೆ ಅನ್ನಿಸಿತು. ಓದುವುದೂ ನೋಡಿಯೇ ಅಲ್ವಾ ಎಂದು ಸ್ನೇಹಿತರೊಬ್ಬರು ಕೇಳಿದರು. ಆ ಮಾತು ಇನ್ನೂ ಕೊರೆಯುತ್ತಿದೆ.

ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಅಚ್ಚುಕೂಟದಲ್ಲಿ ಕೆಲಸ ಮಾಡಿದವರು ಇಲ್ಲಿದ್ದೀರಾ? ತಲೆಬರಹ, ಪೋಸ್ಟರುಗಳಿಗೆ ತೆಗೆದಿಡುತ್ತಿದ್ದ ದೊಡ್ಡ ಮೊಳೆಗಳನ್ನು ನೀವು ಯಾವ ಹೆಸರಿನಿಂದ ಕರೆಯುತ್ತಿದ್ದಿರಿ? ಬಳಕೆಯಲ್ಲಿದ್ದ ಪದ ಸಿಕ್ಕರೆ ನನ್ನದನ್ನು ಖುಷಿಯಿಂದ ಬಿಡುತ್ತೇನೆ.