ಜೇಬಿನಲ್ಲಿದ್ದ ನಟಾಲಿ

ಐದುನೂರಕ್ಕೆ ಒಂದು ರೂಪಾಯಿ ಕಡಿಮೆ. ಅಷ್ಟು ದುಡ್ಡು ಕೊಟ್ಟು ತಂದ ಇಂಗ್ಲಿಷ್ ಸಸ್ಪೆನ್ಸ್ ಕಾದಂಬರಿಯಲ್ಲಿ ಕೊಲೆ ಮಾಡಿದ್ದು ಯಾರು ಅಂತ ನನಗೆ 70ನೇ ಪುಟಕ್ಕೇ ಗೊತ್ತಾಗಿಬಿಟ್ಟಿತ್ತು. ಇನ್ನೂ 270 ಪುಟ ಬಾಕಿ! ಈ ಸಂಕಟವನ್ನು ಮೊನ್ನೆ ಸಂಜೆ ಕಲಬುರಗಿಯ ಅಪ್ಪನ ಕೆರೆ ದಂಡೆಯಲ್ಲಿ ಮಿರ್ಚಿ ಭಜಿ ತಿನ್ನುತ್ತಾ ತೋಡಿಕೊಂಡೆ.

"ಕಥೆ ಏನಪಾ?" ಅಂದ ರಫೀಕ್.

ಲಂಡನ್ ಹತ್ತಿರ ಒಂದು ದೊಡ್ಡ ಮನೆ. ಹೆಂಡತಿ ನಿದ್ದೆ ಮಾತ್ರೆ ನುಂಗಿ ಮೇಲೆ ವೈನ್ ಕುಡಿಯುತ್ತಾಳೆ, ಹಾಗಾಗಿ ಕಿಟಕಿಯಿಂದ ಅವಳು ಏನು ನೋಡಿದೆ ಅಂದರೂ ಪೊಲೀಸರು ನಂಬಲ್ಲ. ಗಂಡ ದಿನಾ ತಡವಾಗಿ ಬರುತ್ತಾನೆ, ಫೋನ್ ಬೋರಲು ಇಡುತ್ತಾನೆ.

"ಹಂಗಾದ್ರ ಗಂಡನೇ," ಅಂದ ಶರಣು.

"ಮೊದಲ ಪುಟದಿಂದ ಅವನ ಕಡೆಗೇ ಬೆರಳು ತೋರಿಸುತ್ತಿದ್ದಾರೆ ಅಂದರೆ ಅವನಲ್ಲ ಅಂತ ಅರ್ಥ. ಪಕ್ಕದ ಮನೆಯಲ್ಲಿ ನಟಾಲಿ ಅಂತ ಒಬ್ಬಳಿದ್ದಾಳೆ. ನೌಕರಿ ಇಲ್ಲ, ಮಕ್ಕಳಿಲ್ಲ, ಕಥೆಯಲ್ಲಿ ಏನೂ ಕೆಲಸ ಇಲ್ಲ, ಸುಮ್ನೆ ದಿನಾ ಕೇಕ್ ಹಿಡಿದುಕೊಂಡು ಬರುತ್ತಾಳೆ. ಇಷ್ಟು ಪುಟ ಯಾವ ಲೇಖಕರೂ ಒಬ್ಬರನ್ನು ಪುಕ್ಕಟೆ ಸಾಕಲ್ಲ. ನಮ್ಮ ಓಣಿಗೆ ಬಂದಿದ್ದರೆ ಮೂರನೇ ದಿನಕ್ಕೇ ಅಜ್ಜಿ, ಯಾಕವ್ವ, ನಿಮ್ಮನ್ಯಾಗ ಉಣ್ಣೋರು ಇಲ್ಲೇನು, ಅಂತ ಕೇಳಿರೋಳು. ಕಾದಂಬರಿ ಅಲ್ಲಿಗೇ ಮುಗೀತು."

"ಮೊದಲೇ ಗೊತ್ತಾದರೆ ಮಜಾ ಇರಲ್ಲ ಬಿಡು."

ಅದೇ ಅಲ್ಲ ತಕರಾರು. ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ 'ಗ್ಯಾಸ್ ಲೈಟ್' ನಾಟಕ 1938ರಲ್ಲೇ ಬಂತು. ಗಂಡ ಕದ್ದು ಮೇಲಿನ ಮಹಡಿಗೆ ಹೋಗಿ ದೀಪ ಹಚ್ಚಿದಾಗೆಲ್ಲ ಕೆಳಗೆ ಹೆಂಡತಿ ಕೂತ ಕೋಣೆಯ ಗ್ಯಾಸ್ ದೀಪ ಸಣ್ಣಗಾಗುತ್ತೆ. ನಿನಗೆ ತಲೆ ಕೆಟ್ಟಿದೆ ಅಂತ ಅವಳನ್ನು ನಂಬಿಸುವುದೇ ಅವನ ಕೆಲಸ. ಅವನೇ ಕಳ್ಳ ಅಂತ ನೋಡುವವರಿಗೆ ಬೇಗನೇ ಗೊತ್ತಾಗುತ್ತೆ, ಆದರೂ ಅವಳಿಗೇನಾಗುತ್ತೋ ಅಂತ ಜೀವ ಕೈಯಲ್ಲಿ ಹಿಡಿದು ಕೂರಬೇಕು. ನನ್ನ 499 ರೂಪಾಯಿಯ ಹೆಂಡತಿ ಸತ್ತರೂ ಬದುಕಿದರೂ ನನಗೆ ಅಷ್ಟೇ.

"ನಮ್ಮ ಮನ್ಯಾಗೂ ದಿನಾ ದೀಪ ಸಣ್ಣಗಾಗ್ತದ," ಅಂದ ರಫೀಕ್. "ವೋಲ್ಟೇಜ್. ಅದಕ್ಕೂ ಬೈಸಿಕೊಳ್ಳೋನು ನಾನೇ." ಆಮೇಲೆ ನನ್ನ ಕಡೆ ತಿರುಗಿದ. "ಅಲ್ಲೋ, ಪೂರಾ ಓದಿ ಈಗ ಮೊದಲೇ ಗೊತ್ತಿತ್ತು ಅಂದರೆ ಹೆಂಗ ನಂಬೋದು?"

ಇದಕ್ಕೇ ಕಾಯುತ್ತಿದ್ದೆ. ಹತ್ತು ದಿನದ ಹಿಂದೆ ಇದೇ ಬಂಡಿ ಹತ್ತಿರ ಭಜಿ ಕಟ್ಟಿದ ಕಾಗದದ ಎಣ್ಣೆ ತಾಗದ ಮೂಲೆ ಹರಿದು, ಕೊಲೆಗಾರ್ತಿಯ ಹೆಸರು ಬರೆದು, ನಾಲ್ಕು ಮಡಿಕೆ ಮಾಡಿ ಶರಣುವಿನ ಅಂಗಿ ಜೇಬಿಗೆ ಹಾಕಿದ್ದೆ. ನಾನು ಹೇಳುವವರೆಗೂ ತೆಗೀಬೇಡ ಅಂದಿದ್ದೆ.

"ತೆಗಿಯೋ ಚೀಟಿ."

ಶರಣು ಭಜಿ ಅಗಿಯುವುದನ್ನೇ ನಿಲ್ಲಿಸಿದ. "ಆ ಅಂಗಿ ಮರುದಿನವೇ ಒಗೆಯೋಕೆ ಹಾಕಿದ್ದೆ. ಚೀಟಿದು ನೆನಪೇ ಹಾರಿಹೋಗಿತ್ತು."

"ಒಗೆಯೋ ಮುಂಚೆ ವೈನಿ ಜೇಬು ನೋಡ್ತಾರಾ?"

"ನೋಡದೇ ಬಿಡ್ತಾಳಾ?" ಅಂದವನೇ ಸುಮ್ಮನಾದ. "ಏ, ಚೀಟಿಯಲ್ಲಿ ಬರೀ ಹೆಸರೇ ಬರೆದಿದ್ದೆಯೇನೋ?"

ಬರೀ ಹೆಸರು. ನಟಾಲಿ. ಅದರ ಕೆಳಗೆ, ನನ್ನ ಕರ್ಮಕ್ಕೆ, 'ಇವಳೇ, ಡೌಟೇ ಇಲ್ಲ' ಅಂತ ಬೇರೆ ಬರೆದಿದ್ದೆ.

"ಅದಕ್ಕೇ," ಅಂದ ಶರಣು ಮೆಲ್ಲಗೆ. "ಒಂಬತ್ತು ದಿನ ಆಯ್ತು, ನನಗೆ ಬಿಸಿ ರೊಟ್ಟಿ ಇಲ್ಲ. ಡಬ್ಬಿಯಿಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಷ್ಟೇ. ಕೇಳಿದರೆ, ಏನಿಲ್ರಿ, ಅಂತಾಳೆ."

ಮೂವರೂ ಪುಸ್ತಕ ಹಿಡಿದುಕೊಂಡು ಅವನ ಮನೆಗೆ ಹೋದೆವು. ವೈನಿ ಬಾಗಿಲಲ್ಲೇ ನಿಂತು ಎಲ್ಲ ಕೇಳಿದರು. ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಕೈ ಚಾಚಿ ಪುಸ್ತಕ ಇಸಕೊಂಡರು.

"ಇಟ್ಟು ಹೋಗ್ರಿ, ನಾನೇ ಓದಿ ನೋಡ್ತೀನಿ," ಅಂದರು.

ನಿನ್ನೆ ಶರಣು ಫೋನ್ ಮಾಡಿದ್ದ. ವೈನಿ ಇನ್ನೂ 40ನೇ ಪುಟದಲ್ಲಿದ್ದಾರಂತೆ, ಗಂಡನ ಮೇಲೇ ಡೌಟಂತೆ.