ಥೈರಾಯ್ಡ್ ಮಾತ್ರೆ ತಪ್ಪಿಸಿಲ್ಲ, 1200 ಕ್ಯಾಲೊರಿ ದಾಟಿಲ್ಲ, ತೂಕ ಮಾತ್ರ ಇಳಿಯುತ್ತಿಲ್ಲ: ತಪ್ಪು ಎಲ್ಲಿದೆ?

ತೋಟದಮನೆ (ಹೊಸನಗರ ತಾಲ್ಲೂಕು)

ನನಗೆ 38 ವರ್ಷ. ಎತ್ತರ 156 ಸೆಂ.ಮೀ., ತೂಕ 71.4 ಕಿಲೊ. ಎರಡನೆಯ ಹೆರಿಗೆಯ ನಂತರ ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾಯಿತು. ಈಗ ದಿನಕ್ಕೆ 75 ಮೈಕ್ರೊಗ್ರಾಂ ಥೈರಾಕ್ಸಿನ್ ಮಾತ್ರೆ. ಹೋದ ತಿಂಗಳು ರಕ್ತ ಕೊಟ್ಟಾಗ ಟಿಎಸ್‌ಎಚ್ (ಥೈರಾಯ್ಡ್ ಸಾಲದಿದ್ದಾಗ ರಕ್ತದಲ್ಲಿ ಏರುವ ಅಂಶ) 6.8 ಇತ್ತು, ಇರಬೇಕಾದ್ದಕ್ಕಿಂತ ಹೆಚ್ಚು. ಜುಲೈಯಿಂದ ಮೊಬೈಲ್ ಆ್ಯಪ್‌ನಲ್ಲಿ ತಿಂದದ್ದನ್ನೆಲ್ಲ ಬರೆಯುತ್ತಿದ್ದೇನೆ, ಒಂದು ದಿನವೂ 1200 ದಾಟಿಲ್ಲ. ನಾಲ್ಕು ತಿಂಗಳಲ್ಲಿ ನೂರು ಗ್ರಾಂ ಕೂಡ ಇಳಿದಿಲ್ಲ, ಅಡಿಕೆ ಕೊಯ್ಲು ಶುರುವಾದ ಮೇಲೆ ಅರ್ಧ ಕಿಲೊ ಏರಿದೆ. ಅತ್ತೆಯವರು "ಅವಳದು ಗಾಳಿ ಕುಡಿದರೂ ಊದುವ ಮೈ" ಎನ್ನುತ್ತಾರೆ. ನನಗೂ ಅದೇ ನಿಜವೇನೋ ಅನ್ನಿಸತೊಡಗಿದೆ. ದಯವಿಟ್ಟು "ಕಡಿಮೆ ತಿನ್ನಿ" ಎಂದು ಯಾರೂ ಬರೆಯಬೇಡಿ. ಅದನ್ನು ಕೇಳಿ ಕೇಳಿ ಸಾಕಾಗಿದೆ.

ಕಸರತ್ತು ಕಿಟ್ಟಿ (ಶಿವಮೊಗ್ಗ)

ಟಿಎಸ್‌ಎಚ್ 6.8 ಎಂದರೆ ಡೋಸ್ ಸಾಲುತ್ತಿಲ್ಲ. 75ರ ಬದಲು 150 ತೆಗೆದುಕೊಂಡು ನೋಡಿ, ಮೈ ತಾನಾಗಿ ಕರಗುತ್ತದೆ. ನಮ್ಮ ಜಿಮ್ಮಿಗೆ ಬರುವ ಒಬ್ಬರು ಹಾಗೆ ಮಾಡಿದ್ದರು. ಅನ್ನ ಪೂರ್ತಿ ಬಿಡಿ.

ಕೊಪ್ಪದ ಸಿಸ್ಟರ್

ಕಿಟ್ಟಿಯವರೇ, ಈ ಸಲಹೆಯನ್ನು ದಯವಿಟ್ಟು ಇನ್ನೊಬ್ಬರಿಗೆ ಹೇಳಬೇಡಿ. ತೂಕ ಇಳಿಸುವುದಕ್ಕೆ ಇದನ್ನು ಬಳಸಬಾರದು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಮಾತ್ರೆಯ ಲೇಬಲ್ಲಿನಲ್ಲೇ ಚೌಕಟ್ಟು ಕಟ್ಟಿ ಹಾಕಿಸಿದೆ. ಹೆಚ್ಚು ನುಂಗಿದರೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಡೋಸ್ ಏರಿಸುವುದು ಇಳಿಸುವುದು ವೈದ್ಯರ ಕೆಲಸ.

ತೋಟದಮನೆಯವರೇ, ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದು ನಿವೃತ್ತಳಾದವಳು ನಾನು. 6.8 ನೋಡಿದಾಗ ನನಗೆ ಮೊದಲು ಬರುವ ಅನುಮಾನ ಡೋಸಿನ ಮೇಲಲ್ಲ, ನುಂಗುವ ರೀತಿಯ ಮೇಲೆ. ಮೂರು ಪ್ರಶ್ನೆ. ಮಾತ್ರೆ ಎಷ್ಟು ಹೊತ್ತಿಗೆ, ಯಾವುದರ ಜೊತೆ? ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಇದೆಯೇ? ಮಾತ್ರೆಯ ಸೀಸೆ ಮನೆಯಲ್ಲಿ ಎಲ್ಲಿದೆ?

ತೋಟದಮನೆ

ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆಗೆ ಹೋಗುತ್ತೇನೆ. ಹಾಲು ಕರೆದು ಬಂದು ಐದೂವರೆಗೆ ಕಾಫಿ ಕುಡಿಯುವಾಗ ಮಾತ್ರೆ ನುಂಗುತ್ತೇನೆ. ಖಾಲಿ ಹೊಟ್ಟೆಯೇ ತಾನೇ? ಎಂಟಕ್ಕೆ ತಿಂಡಿಯ ಜೊತೆ ಕ್ಯಾಲ್ಸಿಯಂ. ಸೀಸೆ ಒಲೆಯ ಮೇಲಿನ ನಾಗಂದಿಗೆಯಲ್ಲಿ, ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬೂಸಲು ಹಿಡಿಯದ ಜಾಗ ಅದೊಂದೇ.

ಕೊಪ್ಪದ ಸಿಸ್ಟರ್

ಕೇಳಿದ ಮೂರರಲ್ಲೂ ತಪ್ಪು ಸಿಕ್ಕಿತು! ಕಾಫಿಯ ಜೊತೆ ನುಂಗಿದರೆ ಅದು ಖಾಲಿ ಹೊಟ್ಟೆ ಅಲ್ಲ. ಕಾಫಿ ಈ ಮಾತ್ರೆ ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಐದಕ್ಕೆ ಎದ್ದ ಕೂಡಲೇ ಬರೀ ನೀರಿನಲ್ಲಿ ಮಾತ್ರೆ ನುಂಗಿ ಕೊಟ್ಟಿಗೆಗೆ ಹೋಗಿ. ಕಾಫಿ ಆರಕ್ಕೆ. ಕ್ಯಾಲ್ಸಿಯಂ, ಕಬ್ಬಿಣ ಎರಡಕ್ಕೂ ನಾಲ್ಕು ಗಂಟೆಯ ಅಂತರ ಬೇಕು, ಅದನ್ನು ಮಧ್ಯಾಹ್ನದ ಊಟಕ್ಕೆ ಸರಿಸಿ. ಒಲೆಯ ಮೇಲೆ ಬೂಸಲು ಹಿಡಿಯದಿರಬಹುದು, ಆದರೆ ಅಲ್ಲಿಯ ಕಾವು ಮತ್ತು ಅನ್ನದ ಹಬೆ ಎರಡೂ ಈ ಮಾತ್ರೆಗೆ ಆಗದು. ಮುಚ್ಚಳ ಬಿಗಿಯಾಗಿ ಹಾಕಿ ಮಲಗುವ ಕೋಣೆಯ ಕಪಾಟಿನಲ್ಲಿಡಿ. ಹೊಸ ಸೀಸೆಯನ್ನೇ ತರಿಸಿದರೆ ಇನ್ನೂ ಒಳ್ಳೆಯದು.

ಹೀಗೆ ಬದಲಿಸುತ್ತಿದ್ದೇನೆ ಎಂದು ನಿಮ್ಮ ವೈದ್ಯರಿಗೆ ತಿಳಿಸಿ, ಆರರಿಂದ ಎಂಟು ವಾರ ಬಿಟ್ಟು ಪರೀಕ್ಷೆ ಮಾಡಿಸಿ. ಮಾತ್ರೆಯಲ್ಲಿರುವ ಹಾರ್ಮೋನಿನ ಅರ್ಧ ಭಾಗ ಮೈಯಿಂದ ಇಳಿಯುವುದಕ್ಕೇ ಸುಮಾರು ಒಂದು ವಾರ ಬೇಕು, ಅವಸರದಲ್ಲಿ ರಕ್ತ ಕೊಟ್ಟರೆ ಹಳೆಯ ಲೆಕ್ಕವೇ ಕಾಣುತ್ತದೆ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತಿನ್ನುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ವರದಿಯನ್ನೇ ತಪ್ಪಾಗಿಸುತ್ತದೆ.

ಒಂದು ಕಹಿ ಮಾತೂ ಇದೆ. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ 5ರಿಂದ 10 ಪೌಂಡು, ಅಂದರೆ ಎರಡರಿಂದ ನಾಲ್ಕೂವರೆ ಕಿಲೊ ಎಂದು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ ಹೇಳುತ್ತದೆ. ಅದರಲ್ಲೂ ಬಹುಪಾಲು ಉಪ್ಪು, ನೀರು. ಉಳಿದದ್ದಕ್ಕೆ ಕಾರಣ ತಟ್ಟೆಯಲ್ಲಿ ಹುಡುಕಬೇಕು. ಅದು ನನ್ನ ವಿಷಯವಲ್ಲ, ಮೇಷ್ಟ್ರು ಬರಲಿ.

ತಕ್ಕಡಿ ಮೇಷ್ಟ್ರು (ಸಾಗರ)

ಬಂದೆ. ಗಣಿತದ ಮೇಷ್ಟ್ರಾಗಿದ್ದವನು, ನನ್ನ ಹೆಂಡತಿಗೂ ಇದೇ ಮಾತ್ರೆ ಇರುವುದರಿಂದ ಈ ಲೆಕ್ಕದಲ್ಲಿ ಪಳಗಿದ್ದೇನೆ.

ನಿಮ್ಮ ವಯಸ್ಸು, ಎತ್ತರ, ತೂಕಕ್ಕೆ ಸೂತ್ರ ಹಾಕಿದರೆ ಸುಮ್ಮನೆ ಮಲಗಿದ್ದರೂ ಮೈ ಸುಡುವುದು ಸುಮಾರು 1340 ಕ್ಯಾಲೊರಿ. ಮನೆಗೆಲಸ, ಕೊಟ್ಟಿಗೆ ಎಲ್ಲ ಸೇರಿ 1800ರ ಹತ್ತಿರ. ನಾಲ್ಕು ತಿಂಗಳು ನಿಜವಾಗಿ 1200 ತಿಂದಿದ್ದರೆ ಥೈರಾಯ್ಡ್ ಎಷ್ಟೇ ಮುನಿದಿದ್ದರೂ ತೂಕ ಇಳಿದೇ ಇಳಿಯುತ್ತಿತ್ತು. ಎಲ್ಲೋ 600 ಕ್ಯಾಲೊರಿ ಲೆಕ್ಕಕ್ಕೆ ಸಿಗದೆ ಹೊಟ್ಟೆ ಸೇರುತ್ತಿದೆ. ನೀವು ಸುಳ್ಳು ಬರೆಯುತ್ತಿದ್ದೀರಿ ಎನ್ನುತ್ತಿಲ್ಲ, ಆ್ಯಪ್ ನಿಮಗೆ ಸುಳ್ಳು ಹೇಳುತ್ತಿರಬಹುದು.

ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದನ್ನು ತರಿಸಿ. ಮೂರು ದಿನ ಏನನ್ನೂ ಬದಲಿಸದೆ, ಹೇಗೆ ತಿನ್ನುತ್ತಿದ್ದಿರೋ ಹಾಗೇ ತಿಂದು ಎಲ್ಲವನ್ನೂ ತೂಗಿ. ಆ್ಯಪ್‌ನಲ್ಲಿ ಯಾವ ಹೆಸರು ಆರಿಸಿದಿರಿ, ಅದು ಎಷ್ಟು ತೋರಿಸಿತು ಎಂಬುದನ್ನೂ ಬರೆಯಿರಿ. ಜೊತೆಗೆ ಮನೆಯ ಕೊಬ್ಬರಿ ಎಣ್ಣೆಯ ಡಬ್ಬವನ್ನು ಇಂದು ಒಮ್ಮೆ, ಮುಂದಿನ ವಾರ ಇದೇ ದಿನ ಒಮ್ಮೆ ತೂಗಿ.

ತೋಟದಮನೆ

ತೂಗಿದೆ. ಒಂದು ದಿನದ್ದನ್ನು ಬರೆಯುತ್ತೇನೆ, ಮೂರೂ ಹೆಚ್ಚುಕಡಿಮೆ ಒಂದೇ.

ತಿಂಡಿಗೆ ಎರಡು ಅಕ್ಕಿ ರೊಟ್ಟಿ, ಆ್ಯಪ್ ಪ್ರಕಾರ ಒಂದಕ್ಕೆ 110. ತೂಗಿದರೆ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಬೇಕಾಗುತ್ತದೆ. ಮೇಲೆ ಬೆಣ್ಣೆ, ರೊಟ್ಟಿಗೆ 5 ಗ್ರಾಂ, ಅದನ್ನು ಬರೆದೇ ಇರಲಿಲ್ಲ. ಕಾಯಿಚಟ್ನಿ "ಒಂದು ಚಮಚ, 20 ಕ್ಯಾಲೊರಿ" ಎಂದಿದ್ದೆ. ತೂಗಿದಾಗ 60 ಗ್ರಾಂ, ಅದರಲ್ಲಿ ಅರ್ಧ ಕಾಯಿತುರಿ. ಕಾಫಿ ಮೂರು ಲೋಟ, ಆ್ಯಪ್ ಒಂದಕ್ಕೆ 2 ತೋರಿಸುತ್ತದೆ. ಮಧ್ಯಾಹ್ನ ಅನ್ನ 120 ಗ್ರಾಂ, ಆ್ಯಪ್‌ನಲ್ಲಿ "ಅಕ್ಕಿ" ಎಂದು ಹುಡುಕಿ ಹಾಕಿದ್ದೆ, 420 ತೋರಿಸಿತು. ಹೆದರಿ ಅನ್ನವನ್ನು ಅಷ್ಟಕ್ಕೇ ನಿಲ್ಲಿಸಿದ್ದೇನೆ. ಪಲ್ಯ, ಸಾರು, ತಂಬುಳಿ ಇದ್ದಂತೆ ಬರೆದಿದ್ದೇನೆ, ಒಗ್ಗರಣೆ ಲೆಕ್ಕವಿಲ್ಲ. ರಾತ್ರಿ ಅಡಿಕೆ ಸುಲಿಯಲು ಕೂತಾಗ ಮೆಟ್ಟುಗತ್ತಿಯ ಪಕ್ಕ ಬಾಳೆಕಾಯಿ ಚಿಪ್ಸ್ ಇರುತ್ತದೆ. ಕೈ ಹೋಗುತ್ತದೆ. ಬಟ್ಟಲಿಗೆ ಹಾಕಿ ತೂಗಿದರೆ 30 ಗ್ರಾಂ.

ತಕ್ಕಡಿ ಮೇಷ್ಟ್ರು

ಇಷ್ಟು ಪ್ರಾಮಾಣಿಕವಾದ ಉತ್ತರ ಪತ್ರಿಕೆಯನ್ನು ನಾನು ತಿದ್ದಿದ್ದು ಕಡಿಮೆ.

ರೊಟ್ಟಿ: 50 ಗ್ರಾಂ ಅಕ್ಕಿ ಹಿಟ್ಟಿಗೆ 180, ಬೆಣ್ಣೆಗೆ 36. ಎರಡಕ್ಕೆ 432. ನೀವು ಬರೆದದ್ದು 220. ಆ್ಯಪ್‌ನ ಅಕ್ಕಿ ರೊಟ್ಟಿ ಯಾರ ಮನೆಯದೋ ಯಾರಿಗೆ ಗೊತ್ತು? ಹಿಟ್ಟು ಉಕ್ಕರಿಸಿ ತಟ್ಟುವ ನಮ್ಮ ರೊಟ್ಟಿಯೇ ಬೇರೆ, ಈರುಳ್ಳಿ ಹಾಕಿ ಎಣ್ಣೆಯಲ್ಲಿ ಬೇಯಿಸುವ ಬಯಲುಸೀಮೆಯ ರೊಟ್ಟಿಯೇ ಬೇರೆ. ಚಟ್ನಿ: 30 ಗ್ರಾಂ ಕಾಯಿಗೆ ಸುಮಾರು 120. ಹಸಿ ಕಾಯಿಗೆ ಒಂದು ಕೋಷ್ಟಕ 100 ಗ್ರಾಂಗೆ 350 ಎಂದರೆ ಇನ್ನೊಂದು 440 ಎನ್ನುತ್ತದೆ, ನಾನು ನಡುವೆ 400 ಹಿಡಿಯುತ್ತೇನೆ. ಕಾಫಿ: ಆ್ಯಪ್‌ನ ಆ 2 ಕ್ಯಾಲೊರಿ ಹಾಲು ಸಕ್ಕರೆ ಇಲ್ಲದ ಕರಿ ಕಾಫಿಯದು. ಮಲೆನಾಡಿನಲ್ಲಿ ಅದನ್ನು ಕುಡಿಯುವವರು ಯಾರು? 70 ಮಿ.ಲೀ. ಮನೆಯ ಹಾಲು, ಎರಡು ಚಮಚ ಸಕ್ಕರೆ ಎಂದರೆ ಲೋಟಕ್ಕೆ 80, ಮೂರಕ್ಕೆ 240. ಚಿಪ್ಸ್ 160.

ಅನ್ನದಲ್ಲಿ ಮಾತ್ರ ನಿಮಗೆ ನೀವೇ ಅನ್ಯಾಯ ಮಾಡಿಕೊಂಡಿದ್ದೀರಿ. 100 ಗ್ರಾಂ ಅಕ್ಕಿಗೆ 350, ಆದರೆ 100 ಗ್ರಾಂ ಅನ್ನಕ್ಕೆ ಸುಮಾರು 130, ಉಳಿದದ್ದು ನೀರು. ನೀವು ಉಂಡ ಅನ್ನ 156 ಕ್ಯಾಲೊರಿ, 420 ಅಲ್ಲ. ಅನ್ನಕ್ಕೆ ಹೆದರಿ ಅರೆಹೊಟ್ಟೆಯಲ್ಲಿ ಎದ್ದದ್ದಕ್ಕೇ ರಾತ್ರಿ ಕೈ ಚಿಪ್ಸಿಗೆ ಹೋಗುತ್ತಿದೆ ಎಂದು ನನ್ನ ಗುಮಾನಿ.

ಎಣ್ಣೆ ಡಬ್ಬದ ವರದಿ ಬರಲಿ.

ತೋಟದಮನೆ

ಕಾಫಿಯದು ಓದಿ ಒಬ್ಬಳೇ ನಕ್ಕೆ. ಡಬ್ಬ ವಾರದಲ್ಲಿ 525 ಗ್ರಾಂ ಇಳಿದಿದೆ. ಮನೆಯಲ್ಲಿ ಐದು ಜನ.

ತಕ್ಕಡಿ ಮೇಷ್ಟ್ರು

ತಲೆಗೆ ದಿನಕ್ಕೆ 15 ಗ್ರಾಂ, ಎಣ್ಣೆ ಗ್ರಾಂಗೆ 9 ಕ್ಯಾಲೊರಿಯಂತೆ 135. ಈಗ ಕೂಡಿ: ರೊಟ್ಟಿಯಲ್ಲಿ 212, ಚಟ್ನಿಯಲ್ಲಿ 100, ಕಾಫಿಯಲ್ಲಿ 234, ಚಿಪ್ಸು 160, ಎಣ್ಣೆ 135. ಒಟ್ಟು 841. ಅನ್ನದಲ್ಲಿ ಹೆಚ್ಚು ಬರೆದ 264 ಕಳೆದರೆ 577. ನಿಮ್ಮ 1200ಕ್ಕೆ ಸೇರಿಸಿದರೆ 1777. ನಾನು ಮೊದಲು ಹೇಳಿದ 1800ಕ್ಕೆ ಎಷ್ಟು ಹತ್ತಿರ ನೋಡಿ. ಗಾಳಿ ಕುಡಿದು ಊದಿದ ಮೈ ಅಲ್ಲ ಎಂದು ಅತ್ತೆಯವರಿಗೆ ಹೇಳಬಹುದು.

ಇನ್ನು ಮುಂದೆ ಆ್ಯಪ್‌ನ ಸಿದ್ಧ ತಿನಿಸುಗಳನ್ನು ಮುಟ್ಟಬೇಡಿ, ನಿಮ್ಮ ಮನೆಯ ಅಡುಗೆಯನ್ನು ನೀವೇ ಒಮ್ಮೆ ಸೇರಿಸಿ. ಖಾಲಿ ಪಾತ್ರೆಗಳ ತೂಕವನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿ. ಹುಳಿಗೆ ಹಾಕುವ ಬೇಳೆ, ಕಾಯಿ, ಎಣ್ಣೆ, ಬೆಲ್ಲವನ್ನು ಹಸಿಯಾಗಿರುವಾಗಲೇ ತೂಗಿ ಕ್ಯಾಲೊರಿ ಕೂಡಿಡಿ. ಬೆಂದ ಮೇಲೆ ಪಾತ್ರೆಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ಒಟ್ಟು ಕ್ಯಾಲೊರಿಯನ್ನು ಆ ಗ್ರಾಂಗಳಿಂದ ಭಾಗಿಸಿದರೆ ಗ್ರಾಂಗೆ ಎಷ್ಟು ಎಂದು ಸಿಗುತ್ತದೆ. ಆಮೇಲೆ ತಟ್ಟೆಗೆ ಬಡಿಸಿಕೊಂಡದ್ದನ್ನು ಮಾತ್ರ ತೂಗಿದರೆ ಸಾಕು. ದಿನಕ್ಕೆ 1500 ಇಟ್ಟುಕೊಳ್ಳಿ. 1200 ಬೇಡ, ಕೊಟ್ಟಿಗೆ ಕೆಲಸ ಮಾಡುವವರಿಗೆ ಅದು ಉಪವಾಸ. ತೂಕವನ್ನು ದಿನವೂ ನೋಡಿದರೂ ವಾರದ ಸರಾಸರಿಯನ್ನೇ ನಂಬಿ. ಮುಟ್ಟಿನ ಮುಂಚಿನ ವಾರ, ಉಪ್ಪಿನಕಾಯಿ ಹೆಚ್ಚು ತಿಂದ ಮರುದಿನ ನೀರು ನಿಂತು ತೂಕ ಏರುತ್ತದೆ. ಅದು ಕೊಬ್ಬಲ್ಲ.

ಕಳಲೆಪ್ರಿಯ (ತೀರ್ಥಹಳ್ಳಿ)

ನಡುವೆ ಒಂದು ಪ್ರಶ್ನೆ. ಥೈರಾಯ್ಡ್ ಇರುವವರು ಎಲೆಕೋಸು, ಕಳಲೆ (ಎಳೆ ಬಿದಿರು) ಮುಟ್ಟಬಾರದಂತೆ, ಹೌದೇ? ನಮ್ಮಮ್ಮ ಪೂರ್ತಿ ಬಿಟ್ಟಿದ್ದಾರೆ.

ಕೊಪ್ಪದ ಸಿಸ್ಟರ್

ಬೇಯಿಸಿದ ಕೋಸನ್ನು ಎಲ್ಲರಂತೆ ಪಲ್ಯಕ್ಕೆ ತಿನ್ನಬಹುದು, ಅಡುಗೆಗೆ ಅಯೋಡಿನ್ ಉಪ್ಪು ಬಳಸುತ್ತಿದ್ದರಾಯಿತು. ಕಳಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುವುದು ನಿಜ. ಮೈಯೊಳಗೆ ಅದು ಥಯೊಸಯನೇಟ್ ಆಗಿ ಅಯೋಡಿನ್ನಿಗೆ ಅಡ್ಡ ಬರುತ್ತದೆ. ಅದಕ್ಕೇ ಹಿರಿಯರು ಹೆಚ್ಚಿ ಮೂರು ದಿನ ನೆನೆಸಿ, ದಿನಾ ನೀರು ಚೆಲ್ಲಿ, ಆಮೇಲೆ ಬೇಯಿಸುತ್ತಿದ್ದುದು. ಆ ಕ್ರಮ ತಪ್ಪಿಸದೆ ಮಳೆಗಾಲದಲ್ಲಿ ಒಂದೆರಡು ಬಾರಿ ತಿಂದರೆ ಅಮ್ಮನಿಗೆ ಏನೂ ಆಗದು. ಥೈರಾಯ್ಡಿಗೆಂದು ಕಡಲಪಾಚಿಯ ಮಾತ್ರೆ ಮಾರುವವರು ಬಂದರೆ ಮಾತ್ರ ಬಾಗಿಲು ಹಾಕಿಕೊಳ್ಳಿ.

ತೋಟದಮನೆ (ಎಂಟು ವಾರಗಳ ನಂತರ)

ವರದಿ ಬಂತು. ಡೋಸ್ ಅದೇ 75, ಟಿಎಸ್‌ಎಚ್ 2.9. ವೈದ್ಯರು ಏನನ್ನೂ ಬದಲಿಸಲಿಲ್ಲ. ಈ ವಾರದ ಸರಾಸರಿ ತೂಕ 69.1. ನಡುವೆ ಹದಿನೈದು ದಿನ ಸೂಜಿ ಅಲ್ಲಾಡಲಿಲ್ಲ, ತಕ್ಕಡಿಯನ್ನು ಹಳ್ಳಕ್ಕೆ ಎಸೆಯಬೇಕು ಅನ್ನಿಸಿತ್ತು. ಆಮೇಲೆ ಒಂದೇ ವಾರದಲ್ಲಿ 800 ಗ್ರಾಂ ಇಳಿಯಿತು.

ಕಾಫಿ ಮೂರು ಲೋಟವೇ, ಸಕ್ಕರೆ ಅರ್ಧ. ಅನ್ನ 200 ಗ್ರಾಂ ಉಣ್ಣುತ್ತೇನೆ, ರಾತ್ರಿ ಚಿಪ್ಸಿನ ಡಬ್ಬ ಈಗ ಗಂಡನ ಪಕ್ಕ ಇರುತ್ತದೆ. ಅತ್ತೆಯವರು ಮೊದಲ ವಾರ ಎಣ್ಣೆ ಡಬ್ಬ ತೂಗುವುದನ್ನು ನೋಡಿ ಲೆಕ್ಕ ಕೇಳುತ್ತಿದ್ದಾಳೆ ಎಂದು ಮುನಿಸಿಕೊಂಡಿದ್ದರು. ಈಗ ಕಾಯಿ ತುರಿದು ತಾವೇ ತಕ್ಕಡಿಯ ಮೇಲಿಟ್ಟು "ಎಷ್ಟು ಬಂತು ನೋಡೇ" ಎನ್ನುತ್ತಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಅದು ಬೇರೆ ಕಥೆ.

ಮುಂದಿನ ವಾರ ತವರಿನಲ್ಲಿ ಮದುವೆ. ಬಾಳೆಎಲೆಯನ್ನು ತಕ್ಕಡಿಯ ಮೇಲೆ ಇಡಲಾಗುವುದಿಲ್ಲ. ಏನು ಮಾಡಲಿ ಮೇಷ್ಟ್ರೇ?

ತಕ್ಕಡಿ ಮೇಷ್ಟ್ರು

ತಕ್ಕಡಿ ಮನೆಯಲ್ಲಿರಲಿ. ಆ ಊಟಕ್ಕೆ 1200 ಎಂದು ಇಡಿಯಾಗಿ ಬರೆದು ಮುಗಿಸಿ. ಹೋಳಿಗೆ ಎರಡಕ್ಕೆ ನಿಲ್ಲಿಸಿ, ತುಪ್ಪ ಬಡಿಸುವವನು ಬಂದಾಗ ಕೈ ಅಡ್ಡ ಹಿಡಿಯಿರಿ. ಮಾರನೆಯ ದಿನ ತೂಕ ನೋಡಲೇಬೇಡಿ. ಮತ್ತೆ, ಮಾತ್ರೆಯ ಸೀಸೆ ಚೀಲಕ್ಕೆ ಹಾಕಿಕೊಂಡಿರಾ?