ಕೋಚ್ "ಬಾ" ಅಂದರೆ ಕಾಲೇಜು ಸೀಟು ಸಿಕ್ಕ ಹಾಗೇನಾ? ಡಿವಿಷನ್ 3 ಬ್ಯಾಸ್ಕೆಟ್‌ಬಾಲ್ ಅನುಭವ ಇರುವವರು ದಯವಿಟ್ಟು ಹೇಳಿ

ಪ್ರಶ್ನೆ: ಎಡಿಸನ್, ನ್ಯೂಜೆರ್ಸಿಯಿಂದ ಒಬ್ಬ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗ ಹನ್ನೊಂದನೇ ಕ್ಲಾಸು, ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸೋ ಜಾಗ), ಎತ್ತರ ಆರಡಿ ಒಂದಿಂಚು. ಶಾಲೆಯ ಮುಖ್ಯ (ವಾರ್ಸಿಟಿ) ತಂಡದಲ್ಲಿದ್ದಾನೆ, ಬೇಸಿಗೆಯಲ್ಲಿ ಎಎಯು ಅನ್ನೋ ಶಾಲೆಯ ಹೊರಗಿನ ಕ್ಲಬ್ ತಂಡಕ್ಕೆ ಆಡ್ತಾನೆ. ಜಿಪಿಎ (ಶಾಲೆಯ ಸರಾಸರಿ ಅಂಕ) 3.8, ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆ) 1430. ಕೆಲವು ಸಣ್ಣ ಕಾಲೇಜುಗಳ ಕೋಚ್‌ಗಳಿಂದ ಈಮೇಲ್ ಬರ್ತಿದೆ, ಎಲ್ಲವೂ ಡಿವಿಷನ್ 3, ಅಂದರೆ ಅಮೆರಿಕದ ಕಾಲೇಜು ಆಟದ ಮೂರನೇ ಹಂತ. ಒಬ್ಬರು ದುಡ್ಡು ಕಟ್ಟಿ ಕ್ಯಾಂಪಿಗೆ ಬರೋಕೆ ಹೇಳಿದ್ದಾರೆ. ನಮ್ಮನೆಯವರು "ಆಟ ಸಾಕು, ಇನ್ನೊಂದು ಸಲ ಎಸ್‌ಎಟಿ ಬರೀಲಿ" ಅಂತಾರೆ. ಮಗ "ಕೋಚ್‌ಗೆ ನಾನು ಬೇಕಾದ್ರೆ ಮಾರ್ಕ್ಸ್ ಅಷ್ಟು ಮುಖ್ಯ ಅಲ್ಲಮ್ಮ" ಅಂತಾನೆ. ನಮ್ಮ ಬಳಗದಲ್ಲಿ ಈ ದಾರಿಯಲ್ಲಿ ಹೋದವರು ಯಾರೂ ಇಲ್ಲ. ಸ್ಕಾಲರ್‌ಶಿಪ್ ಸಿಗುತ್ತಾ? ಅಡ್ಮಿಷನ್‌ಗೆ ಆಟ ನಿಜವಾಗ್ಲೂ ಎಷ್ಟು ಸಹಾಯ ಮಾಡುತ್ತೆ?

ಉತ್ತರ: ಆಸ್ಟಿನ್‌ನಿಂದ

ಮೊದಲು ದುಡ್ಡಿನ ವಿಷಯ ಮುಗಿಸಿಬಿಡೋಣ. ಡಿವಿಷನ್ 3ರಲ್ಲಿ ಆಟಕ್ಕೆ ಅಂತ ಒಂದು ಡಾಲರ್ ಸ್ಕಾಲರ್‌ಶಿಪ್ಪೂ ಇಲ್ಲ, ಕಾಲೇಜು ಆಟ ನಡೆಸೋ ಎನ್‌ಸಿಎಎ ಸಂಸ್ಥೆಯ ನಿಯಮವೇ ಹಾಗೆ. ಸಿಗೋದು ಎರಡು ಥರದ ನೆರವು. ಒಂದು, ಮನೆಯ ಆದಾಯ ನೋಡಿ ಕೊಡೋದು. ಇನ್ನೊಂದು, ಓದು ನೋಡಿ ಕೊಡೋ ಮೆರಿಟ್ ಹಣ. ಹೆಸರಾಂತ ಕಾಲೇಜುಗಳಲ್ಲಿ ಬಹುಪಾಲು ಮೊದಲನೆಯದು ಮಾತ್ರ. ನಮ್ಮ ಹಾಗೆ ಇಬ್ಬರೂ ಐಟಿ ಕೆಲಸದಲ್ಲಿರೋ ಮನೆಗಳಿಗೆ ಅದರಲ್ಲಿ ಏನೂ ಬರದೇ ಇರಬಹುದು. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ (ನೆರವು ಕಳೆದು ನೀವು ಕಟ್ಟೋ ಮೊತ್ತ ತೋರಿಸೋದು) ಇರುತ್ತೆ, ಇವತ್ತೇ ರಾತ್ರಿ ಕೂತು ನಿಮ್ಮ ಲೆಕ್ಕ ಹಾಕಿ ನೋಡಿ. ಅದೇ ಹುಡುಗನಿಗೆ ಸ್ವಲ್ಪ ಕೆಳಗಿನ ರ‍್ಯಾಂಕಿನ ಕಾಲೇಜು ಒಳ್ಳೆ ಮೆರಿಟ್ ಹಣ ಕೊಡಬಹುದು. ನಮ್ಮ ಮಗಳು ಹಾಗೇ ಆರಿಸಿಕೊಂಡಳು, ಖುಷಿಯಾಗಿ ಆಡ್ತಿದ್ದಾಳೆ.

ಉತ್ತರ: ಬಾಸ್ಟನ್ ಹತ್ತಿರದಿಂದ, ಮಗ ಈಗ ಕಾಲೇಜು ತಂಡದಲ್ಲಿ

ಅಕ್ಕ, ನಿಮ್ಮ ಮಗ ಹೇಳೋದರಲ್ಲೂ ಸ್ವಲ್ಪ ನಿಜ ಇದೆ, ನಿಮ್ಮನೆಯವರು ಹೇಳೋದರಲ್ಲೂ ಇದೆ. ಆದರೆ ಒಂದು ಮಾತು ಇಬ್ಬರಿಗೂ ಗೊತ್ತಿರಲಿ: ಸೀಟು ಕೊಡೋದು ಕೋಚ್ ಅಲ್ಲ, ಅಡ್ಮಿಷನ್ಸ್ ಆಫೀಸು. ಕೋಚ್ ಶಿಫಾರಸು ಮಾಡ್ತಾರೆ. ಆ ಶಿಫಾರಸಿನ ತೂಕ ಎಷ್ಟು ಅನ್ನೋದು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತೆ.

ನಮಗೆ ಗೊತ್ತಿರೋದು ನೆಸ್ಕ್ಯಾಕ್ ಕಡೆಯದು: ವಿಲಿಯಮ್ಸ್, ಆಮ್ಹರ್ಸ್ಟ್, ಬೌಡನ್, ಮಿಡಲ್‌ಬರಿ, ಟಫ್ಟ್ಸ್, ಟ್ರಿನಿಟಿ, ಹ್ಯಾಮಿಲ್ಟನ್ ಮುಂತಾದ ಹನ್ನೊಂದು ಕಾಲೇಜುಗಳ ಕೂಟ. ಇಲ್ಲಿ ಪ್ರತಿ ತಂಡಕ್ಕೂ ವರ್ಷಕ್ಕೆ ಇಷ್ಟೇ ಅಂತ ಕೆಲವು ಸ್ಲಾಟ್ ಇರುತ್ತವೆ. ಓದಿನಲ್ಲಿ ಆ ಕಾಲೇಜಿನ ಸಾಮಾನ್ಯ ಮಟ್ಟಕ್ಕಿಂತ ಒಂದಿಷ್ಟು ಕೆಳಗಿರೋ ಆಟಗಾರನಿಗೆ ಕೋಚ್ ಆ ಸ್ಲಾಟ್ ಬಳಸ್ತಾರೆ. ಆಮ್ಹರ್ಸ್ಟ್ ಕೆಲವು ವರ್ಷದ ಹಿಂದೆ ತಾನೇ ಹೊರತಂದ ವರದಿಯಲ್ಲಿ ಇಂಥ ಸೀಟು ವರ್ಷಕ್ಕೆ ಸುಮಾರು 67 ಅಂತ ಬರೆದುಕೊಂಡಿತ್ತು, ಎಲ್ಲಾ ಆಟ ಸೇರಿ. ಅದರಲ್ಲಿ ದೊಡ್ಡ ಪಾಲು ಫುಟ್‌ಬಾಲ್‌ಗೆ ಹೋದರೆ ಬ್ಯಾಸ್ಕೆಟ್‌ಬಾಲ್‌ಗೆ ಎಷ್ಟು ಉಳಿಯುತ್ತೆ ಅಂತ ನೀವೇ ಯೋಚಿಸಿ. ಆ ಬೆರಳೆಣಿಕೆ ಸ್ಲಾಟಿಗೆ ದೇಶದ ಎಲ್ಲ ಕಡೆಯ ಹುಡುಗರು ಕಾದಿರ್ತಾರೆ. ಓದು ತಾನಾಗೇ ಆ ಮಟ್ಟಕ್ಕಿದ್ದರೆ ಕೋಚ್ ಸ್ಲಾಟ್ ಖರ್ಚು ಮಾಡದೆ ಬರೀ ಬೆಂಬಲದ ಮಾತು ಹೇಳಿ ಕರ್ಕೊಳ್ಳಬಹುದು. ಅದಕ್ಕೇ ಒಂದೇ ಥರ ಆಡೋ ಇಬ್ಬರು ಗಾರ್ಡ್‌ಗಳಲ್ಲಿ ಟ್ರಾನ್ಸ್‌ಕ್ರಿಪ್ಟ್ (ಶಾಲೆಯ ಅಂಕಪಟ್ಟಿ) ಗಟ್ಟಿ ಇರೋನು ಕೋಚ್‌ಗೆ ಹೆಚ್ಚು ಬೇಕಾದವನು. ಮಗನಿಗೆ ಇದನ್ನ ಹೀಗೇ ಹೇಳಿ. ಮಾರ್ಕ್ಸ್ ಅವನ ಆಟಕ್ಕೇ ಕೆಲಸಕ್ಕೆ ಬರುತ್ತೆ.

ಈಗ ಪ್ರೀ-ರೀಡ್ ಬಗ್ಗೆ. ಹನ್ನೊಂದನೇ ಕ್ಲಾಸು ಮುಗಿದ ಮೇಲೆ, ಜುಲೈ 1ರಿಂದ, ಕೋಚ್ ನಿಮ್ಮ ಮಗನ ಟ್ರಾನ್ಸ್‌ಕ್ರಿಪ್ಟ್, ಟೆಸ್ಟ್ ಸ್ಕೋರು, ಹನ್ನೆರಡನೇ ಕ್ಲಾಸಿಗೆ ತಗೊಂಡಿರೋ ವಿಷಯಗಳ ಪಟ್ಟಿ, ಶಾಲೆಯ ಪ್ರೊಫೈಲ್ ಇಷ್ಟನ್ನೂ ಅಡ್ಮಿಷನ್ಸ್‌ಗೆ ಕೊಟ್ಟು "ಈ ಹುಡುಗ ಆಗ್ತಾನಾ?" ಅಂತ ಕೇಳ್ತಾರೆ. ಉತ್ತರ ಸಾಮಾನ್ಯವಾಗಿ ಹಸಿರು, ಹಳದಿ, ಕೆಂಪು ಅನ್ನೋ ಲೆಕ್ಕದಲ್ಲಿ ಬರುತ್ತೆ. ಹಸಿರು ಬಂದರೂ ಅದು ಅಡ್ಮಿಷನ್ ಅಲ್ಲ. "ಅರ್ಜಿ ಹಾಕು, ಕೋಚ್ ಬೆಂಬಲ ಇದ್ದರೆ ಆಗಬಹುದು" ಅಂತ ಮಾತ್ರ. ಕೋಚ್‌ಗೆ ಇಷ್ಟವಾದ ಎಷ್ಟೋ ಜನಕ್ಕೆ ಪ್ರೀ-ರೀಡ್ ಮಾಡಿಸ್ತಾರೆ, ಸ್ಲಾಟ್ ಇರೋದು ಕೆಲವೇ. ಪ್ರೀ-ರೀಡ್ ಹಸಿರು ಅಂತ ಕೇಳಿ ಮನೆಯಲ್ಲಿ ಹೋಳಿಗೆ ಮಾಡಿದವರು ಡಿಸೆಂಬರಿನಲ್ಲಿ ಬೇಜಾರು ಪಟ್ಟಿದ್ದನ್ನ ನಾನು ನೋಡಿದ್ದೀನಿ.

ಆಗಸ್ಟ್ ಕೊನೆಯಲ್ಲಿ ಮಗನಿಗೆ ಬಂದ ಫೋನು ಇನ್ನೂ ಕಿವಿಯಲ್ಲಿದೆ. ಅಡುಗೆಮನೆ ಟೇಬಲ್ ಮೇಲೆ ಫೋನು ಸ್ಪೀಕರಿಗೆ ಹಾಕಿ ಕೂತಿದ್ದ, ಪಕ್ಕದಲ್ಲಿ ನೋಟ್‌ಬುಕ್ಕಿನ ಒಂದು ಹಾಳೆ. ಕೋಚ್ "ನಿನ್ನ ಆಟ ನಮಗೆಲ್ಲ ಬಹಳ ಇಷ್ಟ, ನೀನು ನಮ್ಮ ಪಟ್ಟಿಯಲ್ಲಿ ಮೇಲೇ ಇದ್ದೀಯ" ಅಂದರು. ಮಗ ಹಾಳೆ ನೋಡಿಕೊಂಡು ಒಂದೊಂದೇ ಕೇಳಿದ. "ನನ್ನ ಜಾಗಕ್ಕೆ ಎಷ್ಟು ಜನರನ್ನ ತಗೋತೀರಿ? ನಾನು ಎಷ್ಟನೆಯವನು? ನಾನು ಅರ್ಲಿ ಡಿಸಿಷನ್ ಹಾಕಿದರೆ ಅಡ್ಮಿಷನ್ಸ್‌ನಲ್ಲಿ ನಿಮ್ಮ ಪೂರ್ತಿ ಬೆಂಬಲ ನನಗಿದೆಯಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಒಬ್ಬ ಗಾರ್ಡ್, ಸದ್ಯಕ್ಕೆ ನೀನು ಎರಡನೆಯವನು" ಅಂತ ಬಂತು. ಅದು ಒಳ್ಳೆ ಮನುಷ್ಯನ ಉತ್ತರ. ನಾವು ಆ ಕಾಲೇಜನ್ನ ಪಟ್ಟಿಯಲ್ಲಿ ಕೆಳಗಿಳಿಸಿ, ಸ್ಪಷ್ಟವಾಗಿ "ಹೌದು, ಪೂರ್ತಿ ಬೆಂಬಲ" ಅಂದ ಇನ್ನೊಂದು ಕಡೆ ಅರ್ಲಿ ಡಿಸಿಷನ್ ಹಾಕಿದ್ವಿ. ಇವತ್ತು ಅಲ್ಲೇ ಇದ್ದಾನೆ.

ಅರ್ಲಿ ಡಿಸಿಷನ್ ಅಂದರೆ ಬರೆದುಕೊಟ್ಟ ಹಾಗೆ, ಸಿಕ್ಕರೆ ಹೋಗಲೇಬೇಕು. ಹುಡುಗ, ಪೋಷಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕ್ತಾರೆ. ಹಣದ ನೆರವು ಸಾಲದಿದ್ದರೆ ಬಿಡಿಸಿಕೊಳ್ಳೋ ಅವಕಾಶ ಇದೆ, ಆದರೆ ಅದನ್ನೇ ನಂಬಿ ಹಾಕಬೇಡಿ. ಎಷ್ಟೋ ಕಾಲೇಜು ಕೇಳಿದರೆ ಮೊದಲೇ ಹಣಕಾಸಿನ ಅಂದಾಜೂ ಮಾಡಿಕೊಡ್ತಾರೆ. ಪ್ರೀ-ರೀಡ್ ಉತ್ತರ, ಹಣದ ಅಂದಾಜು ಎರಡೂ ಕೈಗೆ ಬಂದ ಮೇಲೆ ಸಹಿ.

ಉತ್ತರ: ಫಿಲಡೆಲ್ಫಿಯಾ ಕಡೆಯಿಂದ, ಡಿವಿಷನ್ 3ರಲ್ಲಿ ಆಡಿ ಆಮೇಲೆ ಸ್ವಲ್ಪ ಕಾಲ ಸಹಾಯಕ ಕೋಚ್

ಆಂಟಿ, ನಾನು ಆ ಕಡೆ ಕುರ್ಚಿಯಲ್ಲಿ ಕೂತವನು, ಅಲ್ಲಿಂದ ಕಂಡಿದ್ದು ಹೇಳ್ತೀನಿ.

ಕ್ಯಾಂಪಿನ ಈಮೇಲ್ ನೂರಾರು ಹುಡುಗರಿಗೆ ಒಂದೇ ಸಲ ಹೋಗಿರುತ್ತೆ. ಅದು ಆಹ್ವಾನ ಅಂತ ಅಂದುಕೊಳ್ಳಬೇಡಿ. ಮಗನ ಹೆಸರು, ಯಾವ ಪಂದ್ಯದಲ್ಲಿ ಏನು ನೋಡಿದೆ, ಯಾವಾಗ ಮಾತಾಡೋಣ ಅಂತ ಬರೆದಿದ್ದರೆ ಆಗ ನಿಜವಾದ ಆಸಕ್ತಿ. ಅದಿಲ್ಲದ ಕ್ಯಾಂಪಿಗೆ ದುಡ್ಡು ಹಾಕಬೇಡಿ. ಇಷ್ಟವಾದ ಕಾಲೇಜಿಗೆ ಮಗನೇ ಮೊದಲು ಬರೀಲಿ: ನಾಲ್ಕೈದು ಸಾಲು, ಜಿಪಿಎ, ಸ್ಕೋರು, ತಗೊಂಡಿರೋ ಎಪಿ (ಕಾಲೇಜು ಮಟ್ಟದ) ವಿಷಯಗಳು, ಎರಡು ಮೂರು ನಿಮಿಷದ ವಿಡಿಯೋ, ಜೊತೆಗೆ ಒಂದು ಪೂರ್ತಿ ಪಂದ್ಯ. ಬರೀ ಬಾಸ್ಕೆಟ್ ಹಾಕಿದ್ದೇ ತೋರಿಸಬೇಡಿ. ಬಾಲ್ ಕಳೆದುಕೊಂಡ ಮೇಲೆ ಹಿಂದೆ ಓಡ್ತಾನಾ, ಎದುರಾಳಿ ದಾರಿಗೆ ಅಡ್ಡ ನಿಂತಾಗ (ಸ್ಕ್ರೀನ್) ಜೊತೆಯವರಿಗೆ ಕೂಗಿ ಹೇಳ್ತಾನಾ ಅನ್ನೋದನ್ನ ನಾವು ಪೂರ್ತಿ ಪಂದ್ಯದಲ್ಲಿ ನೋಡ್ತಿದ್ವಿ. ಈಮೇಲ್ ಅಪ್ಪ ಅಮ್ಮ ಬರೆದಿದ್ದು ಅಂತ ಗೊತ್ತಾಗಿಬಿಡುತ್ತೆ, ಅದು ಹುಡುಗನಿಗೇ ನಷ್ಟ.

ವಿಡಿಯೋ ಇಷ್ಟವಾದ ತಕ್ಷಣ ನಾವು ಕೇಳ್ತಿದ್ದಿದ್ದು ಟ್ರಾನ್ಸ್‌ಕ್ರಿಪ್ಟ್. ಅದರಲ್ಲಿ ಮೊದಲು ಕಣ್ಣು ಹೋಗೋದು ಜಿಪಿಎ ಕಡೆಗಲ್ಲ, ವಿಷಯಗಳ ಕಡೆಗೆ. ಹನ್ನೆರಡನೇ ಕ್ಲಾಸಿನಲ್ಲಿ ಸೀಸನ್ ಹಗುರ ಇರ್ಲಿ ಅಂತ ಕ್ಯಾಲ್ಕುಲಸ್ ಬಿಟ್ಟು ಸುಲಭದ್ದು ತಗೊಂಡವರ ಫೈಲು ಅಡ್ಮಿಷನ್ಸ್‌ನಿಂದ ಹಳದಿಯಾಗಿ ವಾಪಸ್ ಬರ್ತಿತ್ತು. ಟೆಸ್ಟ್ ಆಪ್ಷನಲ್ ಅನ್ನೋ ಕಾಲೇಜುಗಳಲ್ಲೂ ಕೋಚ್‌ಗಳು ಸ್ಕೋರು ಕೇಳೋದು ಸಾಮಾನ್ಯ. ಬೌಡನ್ 1969ರಿಂದಲೇ ಸ್ಕೋರು ಕಡ್ಡಾಯ ಅಲ್ಲ ಅಂತ ಇಟ್ಟುಕೊಂಡಿದೆ, ಆದರೂ ಒಳ್ಳೆ ಸ್ಕೋರಿದ್ದರೆ ಕೋಚ್‌ಗೆ ವಾದ ಮಾಡೋಕೆ ಒಂದು ಕೈ ಹೆಚ್ಚು ಸಿಕ್ಕ ಹಾಗೆ. 1430 ಅನೇಕ ಕಡೆ ಚೆನ್ನಾಗಿದೆ. ಅತಿ ಕಠಿಣ ಕಾಲೇಜುಗಳಿಗೆ ಇನ್ನೊಂದು ಸಲ ಬರೆಯೋದರಲ್ಲಿ ಅಂಕಲ್ ಹೇಳಿದ್ದು ಸರಿ.

ಡಿವಿಷನ್ 1ರಲ್ಲಿ 16 ಕೋರ್ ಕೋರ್ಸು, 2.3 ಜಿಪಿಎ ಅಂತ ಎನ್‌ಸಿಎಎ ಮಟ್ಟ ಇದೆಯಲ್ಲ, ಡಿವಿಷನ್ 3ಕ್ಕೆ ಅಂಥ ರಾಷ್ಟ್ರೀಯ ಮಟ್ಟ ಇಲ್ಲ. ಮಟ್ಟ ಹಾಕೋದು ಆಯಾ ಕಾಲೇಜೇ. ಹಾಗಾಗಿ "ಎಷ್ಟು ಬೇಕು" ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲ.

ಇನ್ನೊಂದು ಸಂಗತಿ. ಈಗ ಡಿವಿಷನ್ 1 ಕೋಚ್‌ಗಳು ಹೈಸ್ಕೂಲ್ ಹುಡುಗರಿಗಿಂತ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸೋ ಆಟಗಾರರ ಪಟ್ಟಿ)‌ನಿಂದ ಇಪ್ಪತ್ತೊಂದು, ಇಪ್ಪತ್ತೆರಡು ವಯಸ್ಸಿನವರನ್ನ ತಗೊಳ್ತಾರೆ. ಮೊದಲು ಮೇಲೆ ಹೋಗ್ತಿದ್ದ ಹುಡುಗರು ಡಿವಿಷನ್ 2, 3ಕ್ಕೆ ಇಳಿದಿದ್ದಾರೆ. ಡಿವಿಷನ್ 3ರ ಆಟ ಮೊದಲೂ ಸಣ್ಣದಾಗಿರಲಿಲ್ಲ. ಡಂಕನ್ ರಾಬಿನ್ಸನ್ ವಿಲಿಯಮ್ಸ್ ಪರ 2014ರ ಡಿವಿಷನ್ 3 ಫೈನಲ್ ಆಡಿ, ಆಮೇಲೆ ಮಿಷಿಗನ್, ಅಲ್ಲಿಂದ ಎನ್‌ಬಿಎ ಸೇರಿದವನು. ಈಗಂತೂ ಪೈಪೋಟಿ ಜೋರು. ಆರಡಿ ಒಂದಿಂಚಿನ ಗಾರ್ಡ್‌ಗಳು ದೇಶದ ತುಂಬ ಇದ್ದಾರೆ ಆಂಟಿ, ಓದು ಅವನನ್ನ ಬೇರೆ ಮಾಡ್ಲಿ.

ಉತ್ತರ: ಪ್ಯಾಸಡೀನಾದಿಂದ

ಎಂಐಟಿ, ಕ್ಯಾಲ್ಟೆಕ್ ಪಟ್ಟಿಯಲ್ಲಿದ್ದರೆ ಮೇಲಿನ ಸ್ಲಾಟಿನ ಮಾತು ಅಲ್ಲಿಗೆ ಅನ್ವಯಿಸಲ್ಲ. ಎಂಐಟಿಯಲ್ಲಿ ಕೋಚ್ ಬೆಂಬಲದ ಮಾತು ಹೇಳಬಹುದು, ಅಷ್ಟೇ. ಸೀಟು ಹಿಡಿದಿಡೋಕೆ ಆಗಲ್ಲ. ಕ್ಯಾಲ್ಟೆಕ್ ಇನ್ನೂ ಕಟ್ಟುನಿಟ್ಟು. ಆಟಕ್ಕಾಗಿ ಓದಿನ ಮಟ್ಟ ಇಳಿಸಲ್ಲ ಅಂತ ಹಠ ಹಿಡಿದಿದ್ದಕ್ಕೆ ಅವರು ಕೊಟ್ಟ ಬೆಲೆ ಇಲ್ಲಿ ಎಲ್ಲರಿಗೂ ಗೊತ್ತು: ಗಂಡುಮಕ್ಕಳ ತಂಡ ಡಿವಿಷನ್ 3 ಎದುರಾಳಿಗಳ ಮುಂದೆ ಸತತ 207 ಪಂದ್ಯ ಸೋತು, 2007ರ ಜನವರಿಯಲ್ಲಿ ಬಾರ್ಡ್ ಕಾಲೇಜನ್ನ ಸೋಲಿಸಿತು. ತಮ್ಮದೇ ಕಾನ್ಫರೆನ್ಸಿನಲ್ಲಿ (ಕಾಲೇಜು ಕೂಟದಲ್ಲಿ) 1985ರಿಂದ 310 ಪಂದ್ಯ ಸೋತು, 2011ರ ಫೆಬ್ರವರಿಯಲ್ಲಿ ಆಕ್ಸಿಡೆಂಟಲ್ ಮೇಲೆ 46-45ರಲ್ಲಿ ಗೆದ್ದರು. ಅಷ್ಟೂ ವರ್ಷ ಆಡೋ ಮಕ್ಕಳಿಗೆ ಕಾಲೇಜು ಅರ್ಜಿಯಲ್ಲಿ ರಿಯಾಯಿತಿ ಕೊಡಲಿಲ್ಲ. ನನಗೆ ಆ ಹುಡುಗರ ಮೇಲೆ ಬಹಳ ಗೌರವ. ರಾತ್ರಿ ಪ್ರಾಬ್ಲಮ್ ಸೆಟ್ ಮುಗಿಸಿ, ಸೋಲ್ತೀವಿ ಅಂತ ಗೊತ್ತಿದ್ದೂ ಮಾರನೇ ದಿನ ಅಭ್ಯಾಸಕ್ಕೆ ಹೋಗೋದು ಸಣ್ಣ ಮಾತಲ್ಲ.

ಓದಿನಲ್ಲಿ ರಾಜಿ ಇಲ್ಲದೆಯೂ ಗೆಲ್ಲಬಹುದು ಅನ್ನೋದಕ್ಕೂ ಉದಾಹರಣೆ ಇದೆ. ಎಂಐಟಿ 2012ರಲ್ಲಿ ಫೈನಲ್ ಫೋರ್ (ಕೊನೆಯ ನಾಲ್ಕು ತಂಡಗಳ ಹಂತ) ತಲುಪಿತ್ತು. ಎನ್‌ವೈಯು (ನ್ಯೂಯಾರ್ಕ್ ಯೂನಿವರ್ಸಿಟಿ) ಹೆಣ್ಣುಮಕ್ಕಳು 2024, 2025 ಎರಡೂ ವರ್ಷ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆದರು.

ಉತ್ತರ: ಧಾರವಾಡದಾಕಿ, ಈಗ ಒಹಾಯೋದಾಗ

ಅಕ್ಕಾರ, ಒಂದ್ ಮಾತ್ ಹೇಳ್ತೀನ್ರಿ. ನಮ್ ಮಗಳಿಗೆ ಒಂದ್ ಕಾಲೇಜಿನ ಕೋಚ್ ವರ್ಷಗಟ್ಲೆ "ನೀ ನಮ್ ಹುಡುಗಿ" ಅಂತಿದ್ರು. ಅಕ್ಟೋಬರದಾಗ ಅವ್ರು ಕೆಲಸ ಬಿಟ್ಟು ಬ್ಯಾರೆ ಕಡೆ ಹೋದ್ರು. ಹೊಸಾ ಕೋಚ್‌ಗೆ ಇಕಿ ಯಾರಂತನೂ ಗೊತ್ತಿರ್ಲಿಲ್ಲ. ಅದಕ್ಕ ಬರೀ ಕೋಚ್ ಮುಖಾ ನೋಡಿ ಕಾಲೇಜ್ ಆರಿಸಬ್ಯಾಡ್ರಿ. ಡಿವಿಷನ್ 3ರಾಗ ಸಹಿ ಹಾಕೋ ಕಾಗದಾ ಒಂದ್ ಇರ್ತೈತಿ, ಫೋಟೋಕ್ಕ ಚಂದ ಕಾಣ್ತೈತಿ, ಆದ್ರ ಅದ್ರಿಂದ ಯಾರೂ ಕಟ್ಟುಬೀಳಂಗಿಲ್ಲ. ಮತ್ತ ಕೋಚ್ ಬೆಂಬಲ ಇಲ್ಲದನೂ ಸೇರಬಹುದಾದ ಒಂದೆರಡು ಕಾಲೇಜ್ ಪಟ್ಟಿಯೊಳಗ ಇಟ್ಕೊಳ್ರಿ. ನಮ್ಮಾಕಿ ಅಂಥಾ ಒಂದಕ್ಕ ಸೇರಿ, ಟ್ರೈಔಟ್ ಕೊಟ್ಟು ತಂಡದಾಗ ಜಾಗಾ ಮಾಡ್ಕೊಂಡ್ಳು.

ಉತ್ತರ: ಬೆಂಗಳೂರು, ಜಯನಗರದಿಂದ

ಇಲ್ಲಿಂದ ಹೋಗುವವರಿಗೆ ಎರಡು ಮಾತು ಸೇರಿಸುತ್ತೇನೆ. ನಮ್ಮ ಸಿಇಟಿ ಕ್ರೀಡಾ ಕೋಟಾದಲ್ಲಿ ಸರ್ಟಿಫಿಕೇಟ್ ಮಾತಾಡುತ್ತದೆ: ಯಾವ ಮಟ್ಟದಲ್ಲಿ ಆಡಿದ್ದೀರಿ ಎಂಬುದರ ಮೇಲೆ ಸಾಲಿನಲ್ಲಿ ಜಾಗ. ಅಮೆರಿಕದಲ್ಲಿ ಸರ್ಟಿಫಿಕೇಟನ್ನು ಕೋಚ್ ಕೇಳುವುದೇ ಇಲ್ಲ, ವಿಡಿಯೋ ಮತ್ತು ಅಂಕಪಟ್ಟಿ ಕೇಳುತ್ತಾರೆ. ಇನ್ನು ದುಡ್ಡು. ಹೊರದೇಶದ ವಿದ್ಯಾರ್ಥಿ ನೆರವು ಕೇಳಿದರೆ ಬಹುತೇಕ ಕಾಲೇಜುಗಳಲ್ಲಿ ಅದೇ ಸೀಟಿಗೆ ಅಡ್ಡಿಯಾಗಬಹುದು. ಆಮ್ಹರ್ಸ್ಟ್, ಬೌಡನ್, ಎಂಐಟಿ ಥರದ ಕೆಲವೇ ಕಡೆ ಹಣದ ಅಗತ್ಯ ನೋಡದೆ ಅರ್ಜಿ ಪರಿಶೀಲಿಸುತ್ತಾರೆ. ನನ್ನ ಮಗಳು ರಾಜ್ಯ ತಂಡಕ್ಕೆ ಆಡಿದವಳು. ಮೊದಲ ಈಮೇಲಿನಲ್ಲೇ ನಮ್ಮಿಂದ ಎಷ್ಟು ಕಟ್ಟಲು ಸಾಧ್ಯ ಎಂದು ಬರೆದದ್ದರಿಂದ ಆಗದ ಕಾಲೇಜುಗಳು ಬೇಗ ಆಗದು ಎಂದವು. ಇಬ್ಬರ ಸಮಯವೂ ಉಳಿಯಿತು.

ಪ್ರಶ್ನೆ ಕೇಳಿದವರು: ಎಡಿಸನ್‌ನಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನಿಗೆ ಓದಿ ಹೇಳಿದೆ, ಎಸ್‌ಎಟಿಗೆ ಮತ್ತೆ ಹೆಸರು ಕೊಟ್ಟಿದ್ದಾನೆ. ಕ್ಯಾಲ್ಕುಲಸ್ ಬಿಡೋ ಯೋಚನೆ ಇತ್ತಂತೆ, ಈಗ ಇಲ್ಲ. ನಮ್ಮನೆಯವರದ್ದು ಒಂದೇ ಪ್ರಶ್ನೆ ಉಳಿದಿದೆ: ಇಂಜಿನಿಯರಿಂಗ್ ಓದಿಕೊಂಡು ಆಡೋಕೆ ನಿಜವಾಗ್ಲೂ ಆಗುತ್ತಾ?

ಉತ್ತರ: ಬಾಸ್ಟನ್ ಹತ್ತಿರದಿಂದ

ಆಗುತ್ತೆ ಅಕ್ಕ, ಆದರೆ ಕಾಲೇಜು ನೋಡಿ. ಅಭ್ಯಾಸ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ, ಲೀಗ್ ಪಂದ್ಯ ಫೆಬ್ರವರಿ ಕೊನೆವರೆಗೆ. ನೆಸ್ಕ್ಯಾಕ್‌ನಲ್ಲಿ ಪಂದ್ಯಗಳು ಹೆಚ್ಚಾಗಿ ವಾರಾಂತ್ಯದಲ್ಲಿ, ಬಸ್ಸಿನಲ್ಲೇ ಹೋಗಿ ಬರೋ ದೂರ. ಚಿಕಾಗೋ, ಎಮರಿ, ಎನ್‌ವೈಯು, ಕಾರ್ನೆಗಿ ಮೆಲನ್ ಇರೋ ಯುಎಎ ಅನ್ನೋ ಕೂಟದಲ್ಲಿ ವಿಮಾನ ಹತ್ತಬೇಕು, ಶುಕ್ರವಾರದ ಕ್ಲಾಸು ತಪ್ಪುತ್ತೆ. ನಿಜವಾದ ತೊಡಕು ಲ್ಯಾಬ್. ಮಧ್ಯಾಹ್ನದ ಲ್ಯಾಬ್ ನಾಲ್ಕೂವರೆವರೆಗೆ ಎಳೆದರೆ ಅಭ್ಯಾಸಕ್ಕೆ ಡಿಕ್ಕಿ ಹೊಡೆಯುತ್ತೆ. ಕೆಲವು ಕಡೆ ಆ ಹೊತ್ತಿಗೆ ಕ್ಲಾಸು ಲ್ಯಾಬು ಇಡಬಾರದು ಅಂತಲೇ ಪದ್ಧತಿ ಇದೆ, ಕೆಲವು ಕಡೆ ಇಲ್ಲ. ಕ್ಯಾಂಪಸ್ ನೋಡೋಕೆ ಹೋದಾಗ ಇದನ್ನ ಕೋಚ್ ಹತ್ತಿರ ಕೇಳೋ ಬದಲು, ತಂಡದಲ್ಲಿ ಇಂಜಿನಿಯರಿಂಗ್ ಓದ್ತಿರೋ ಮೂರನೇ ವರ್ಷದ ಹುಡುಗ ಯಾರಿದ್ದಾನೆ ಅಂತ ವಿಚಾರಿಸಿ, ಅವನ ಹತ್ತಿರ ಮಗ ಒಬ್ಬನೇ ಮಾತಾಡ್ಲಿ. ಅಂಥ ಹುಡುಗ ತಂಡದಲ್ಲಿ ಒಬ್ಬನೂ ಇಲ್ಲ ಅಂದರೆ ನಿಮ್ಮನೆಯವರ ಪ್ರಶ್ನೆಗೆ ಆ ಕಾಲೇಜಿನ ಉತ್ತರ ಅದೇ.